ಡೀಸೆಲ್ ಟ್ಯಾಂಕಿಗೆ ನಾನು ಜಡಿದ ಬಿರಡೆ

ಒಂದೇ ಕಣ್ಣು ಚುಚ್ಚಿದ್ರೆ ನೀರು ಬರಾಕಿಲ್ಲ ಕಣ್ಲಾ, ಕಾಯಿಗೆ ಇನ್ನೊಂದು ಕಡೀಕೂ ಮೊಳೆ ಹೊಡಿ, ಗಾಳಿ ಒಳಕ್ಕೆ ಹೋದ್ರೆ ತಾನೇ ನೀರು ಈಚೆಗೆ ಬರೋದು. ನೋಡ್ದಾ? ಇಷ್ಟು ಗೊತ್ತಿದ್ದೂ ಒಂದು ದಿವ್ಸ ಬಾಯಿ ಮುಚ್ಕೊಂಡು ಕೂತಿದ್ದೆ ಕಣಪ್ಪ ನಾನು. ನಮ್ಮವ್ವ ಹೋದ ದಿವ್ಸ. ನಿಮ್ತಾತ ಆಗ ಯಾರದೋ ಲಾರಿ ಓಡಿಸ್ತಿದ್ರು, ಹಂದನಕೆರೆಯಿಂದ ತಿಪಟೂರಿಗೆ ಕೊಬ್ಬರಿ ಹೊಡೆಯೋ ಲಾರಿ. ಅದರ ಡೀಸೆಲ್ ಟ್ಯಾಂಕಿನ ಮುಚ್ಚಳ ಎಲ್ಲೋ ಬಿದ್ದೋಗಿತ್ತು. "ಒಂದು ತೊಟ್ಟೂ ಚೆಲ್ಲಬಾರ್ದು ಕಣೇ, ಏನಾರ ಮಾಡು" ಅಂದ್ರು. ನಾನು ತೆಂಗಿನ ಮಟ್ಟೆ ಕೆತ್ತಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಬಿಗಿಯಾಗಿ ಬಿರಡೆ ಜಡಿದೆ. ನಿಮ್ತಾತ ತಟ್ಟಿ ನೋಡಿ ಭೇಷ್ ಅಂದ್ರು. ನನಗೂ ಜಂಬ.

ಮಾರನೇ ದಿವ್ಸ, ಅಲ್ಲಲ್ಲ, ಅವತ್ತೇ ಬೆಳಿಗ್ಗೆ, ಬಿರಡೆ ಜಡಿದ ಸ್ವಲ್ಪ ಹೊತ್ತಿಗೇ, ನನ್ನ ತವರೂರು ಸಂಪಿಗೆಯಿಂದ ನಮ್ಮಣ್ಣ ಹೇಳಿ ಕಳಿಸ್ದ. ಅವ್ವ ನೀರೂ ಕುಡೀತಿಲ್ಲ, ನಿನ್ನೇ ಕೇಳ್ತಾವ್ಳೆ, ಬೇಗ ಬಾ ಅಂತ. ಬಸ್ಸು ಆಗ್ಲೇ ಹೋಗಿತ್ತು, ಇನ್ನೊಂದು ಬರೋದು ಸಾಯಂಕಾಲಕ್ಕೇ. ಸರಿ, ಲಾರೀಲೇ ಹೊರಟ್ವಿ, ನಿಮ್ತಾತ, ಅವರಪ್ಪ ಅಂದ್ರೆ ನಮ್ಮಾವ, ನಾನು. ತಿಪಟೂರು ದಾಟಿದ್ವಿ, ಲಾರಿ ಕೆಮ್ಮಿ ಕೆಮ್ಮಿ ನಿಂತೋಯ್ತು. ಕೀ ತಿರುಗಿಸಿದ್ರೆ ಇಂಜಿನ್ನು ಗರ್ ಗರ್ ಅಂತ ತಿರುಗುತ್ತೆ, ತಿರುಗುತ್ತೆ, ಹತ್ಕೊಳ್ಳಾಕಿಲ್ಲ. ಮಾವ ಕೇಳಿದ್ರು, "ಡೀಸೆಲ್ ಐತೇನ್ಲಾ?" "ಹೊರಡುವಾಗ್ಲೇ ಬಾಯಿಮಟ ತುಂಬಿಸಿದೀನಿ ಕಣಪ್ಪ" ಅಂದ್ರು ನಿಮ್ತಾತ. ತುಂಬಿಸಿದ್ದೀವಿ ಅಂದ್ಮೇಲೆ ಆ ಬಿರಡೆ ಯಾರು ತೆಗೀತಾರೆ? ದಾರೀಲಿ ಹೋಗ್ತಿದ್ದ ಇನ್ನೊಬ್ಬ ಡ್ರೈವರ್ ಇಳಿದು ಫಿಲ್ಟರ್ ಬಿಚ್ಚಿದ. "ಡೀಸೆಲ್ಲು ಇಲ್ಲಿಗೇ ಬತ್ತಿಲ್ಲ ಕಣ್ರೀ, ಪೈಪು ಕಟ್ಕೊಂಡೈತೆ" ಅಂದ. ಪೈಪು ಬಿಚ್ಚಿ ಬಾಯಲ್ಲಿ ಊದಿದ್ರು. ಹತ್ಕೊಂತು. ಎರಡು ಫರ್ಲಾಂಗು ಹೋಯ್ತು, ಮತ್ತೆ ನಿಂತೋಯ್ತು. ಮತ್ತೆ ಬಿಚ್ಚಿದ್ರು, ಮತ್ತೆ ಊದಿದ್ರು, ಮತ್ತೆ ನಿಂತೋಯ್ತು. ಬಿಸಿಲು ನೆತ್ತಿಗೆ ಬಂತು. ನಿಮ್ತಾತ ಚಕ್ರಕ್ಕೆ ಒರಗಿ ತಲೆ ಮೇಲೆ ಕೈ ಹೊತ್ಕೊಂಡು ಕೂತ್ರು.

ನನಗೆ ಎರಡನೇ ಸಲಕ್ಕೇ ಹೊಳೀತು ಕಣ್ಲಾ, ಟ್ಯಾಂಕಿಗೆ ಗಾಳಿ ಹೋಗಾಕೆ ದಾರಿ ಇಲ್ಲ, ಅದಕ್ಕೇ ಡೀಸೆಲ್ಲು ಬತ್ತಿಲ್ಲ ಅಂತ. ಸೀಮೆಣ್ಣೆ ಡಬ್ಬಕ್ಕೆ ಎರಡು ತೂತು ಹೊಡೆಯೋಳಿಗೆ ಹೊಳೀದೇ ಇರುತ್ತಾ? ಆದ್ರೆ ಬಿರಡೆ ನಂದು. ಬೈತಾರೆ ಅಂತ ಭಯ. ಅಲ್ದೆ ಮಾವನ ಎದುರು ಸೊಸೆಯಾದೋಳು ಲಾರಿ ವಿಷ್ಯ ಮಾತಾಡೋದಾ ಅಂತ ಸೆರಗು ಕಚ್ಕೊಂಡು ಕೂತಿದ್ದೆ. ಅವ್ವ ಅಲ್ಲಿ ಬಾಗಿಲು ನೋಡ್ತಾ ಮಲಗವ್ಳೆ, ನಾನಿಲ್ಲಿ ಮರ್ಯಾದೆ ಕಾಯ್ತಿದ್ದೆ. ಕೊನೆಗೆ ತಡೀಲಾರ್ದೆ ಇಳಿದು ಹೋಗಿ, ಯಾರಿಗೂ ಹೇಳ್ದೆ ಬಿರಡೆ ಕಿತ್ತೆ. ಸುಯ್ ಅಂತ ಗಾಳಿ ಒಳಕ್ಕೆ ಎಳ್ಕಂತು. ಎಲ್ಲಾರೂ ನನ್ನ ಕಡೆ ನೋಡಿದ್ರು. ಬಿರಡೆ ಬದಲು ಬಟ್ಟೆ ಚೂರು ಇಟ್ಟು ಹೊರಟ್ವಿ, ಆಮೇಲೆ ಲಾರಿ ಎಲ್ಲೂ ನಿಲ್ಲಲಿಲ್ಲ.

ಅಣ್ಣ ಅಂಗಳದಲ್ಲೇ ನಿಂತಿದ್ದ. "ಅವ್ವ ಹೋಗಿ ಒಂದು ಎಲೆ ಅಡಿಕೆ ಹಾಕ್ಕೊಳ್ಳೋಷ್ಟು ಹೊತ್ತಾಯ್ತು ಕಣವ್ವ" ಅಂದ. ಅವ್ವನ ಪಾದ ಮುಟ್ಟಿದೆ, ಇನ್ನೂ ಬೆಚ್ಚಗಿತ್ತು. ಮಾವ ಬೈಲಿಲ್ಲ, ನಿಮ್ತಾತನೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಗೊತ್ತಿರೋದನ್ನ ಹೊತ್ತಿಗೆ ಹೇಳ್ಬುಡ್ಬೇಕು ಕಣ್ಲಾ, ತಪ್ಪು ನಮ್ದೇ ಆಗಿದ್ರೂ ಸರಿ. ಕುಡಿ ಆ ನೀರ್ನ, ತಂಗಿಗೂ ಒಂದು ಗುಟುಕು ಬುಡು.