ಗಾಜಿನಲ್ಲಿ ಕರೆಂಟ್ ಹರಿದ ಬಗ್ಗೆ ನಿವೃತ್ತ ಲೈನ್‌ಮನ್‌ನ ಹೇಳಿಕೆ

ಬಡಾವಣೆಯಲ್ಲಿ ‘ಕಂಬದಣ್ಣ’ ಎಂದೇ ಕರೆಸಿಕೊಳ್ಳುವ ನಾನು, ವಯಸ್ಸು 67 ವರ್ಷ, ಕೆಲಸ ನಿವೃತ್ತ ಲೈನ್‌ಮನ್, ವಾಸ ನೀರಿನ ಟ್ಯಾಂಕಿನ ಹಿಂದಿನ ಬೀದಿಯ ಕೊನೆಯ ಮನೆ, ಈ ದಿನ ಠಾಣೆಯಲ್ಲಿ ಯಾರ ಒತ್ತಾಯವೂ ಇಲ್ಲದೆ ಹೇಳಿ ಬರೆಸುವುದೇನೆಂದರೆ:

ನನ್ನ ಮಗಳು ಗಾಜಿನ ಸಂಶೋಧನೆ ಮಾಡುತ್ತಾಳೆ. ಗಾಜು ಕರಗಿಸುವಾಗ ವನೇಡಿಯಂ ಎಂಬ ಲೋಹದ ಆಕ್ಸೈಡ್ ಪುಡಿ ಬೆರೆಸಿದರೆ ಅದರಲ್ಲಿ ವಿದ್ಯುತ್ ಹರಿಯುತ್ತದೆ ಎಂಬುದು ಅವಳ ವಾದ. ನಾನು ಕರೆಂಟ್ ತಡೆಯುವ ಗಾಜಿನ ಇನ್ಸುಲೇಟರ್ ನಂಬಿ ಕಂಬ ಹತ್ತಿ ಜೀವ ಉಳಿಸಿಕೊಂಡವನು, ಆದ್ದರಿಂದ ಒಪ್ಪಿರಲಿಲ್ಲ. ಊಟಕ್ಕೆ ಕುಳಿತಾಗಲೆಲ್ಲ “ನಿನ್ನ ಗಾಜಿಗೆ ಕರೆಂಟ್ ಬಿಲ್ ಬಂತೇನೇ?” ಎಂದು ರೇಗಿಸುತ್ತಿದ್ದೆ.

ಈ ದಿನ ಮಧ್ಯಾಹ್ನ 3 ಗಂಟೆಗೆ ಅವಳು ಪರೀಕ್ಷಕರ ಎದುರು ಅದನ್ನು ಅಳೆದು ತೋರಿಸಬೇಕಿತ್ತು. ಎರಕ ಹೊಯ್ದ ಕಪ್ಪು ಬಿಲ್ಲೆಗಳಲ್ಲಿ ಬಿರುಕು ಬಿಡದೆ ಉಳಿದದ್ದು ಒಂದೇ. ಆ ಬಿಲ್ಲೆಯ ಡಬ್ಬಿಯನ್ನೇ ಮನೆಯಲ್ಲಿ ಮರೆತು ಹೋಗಿದ್ದಳು. ಅದನ್ನು ತಲುಪಿಸಲು ನಾನು 10.15ರ ಬಸ್ಸು ಹತ್ತಿದೆ.

ಪಕ್ಕದಲ್ಲಿ ದರ್ಜಿ ಹೆಂಗಸೊಬ್ಬರು ಕುಳಿತಿದ್ದರು. ನಾಟಕದ ಉಡುಪಿಗೆ ಅಂಟಿಸುವ ಕಪ್ಪು ಗಾಜಿನ ಬಿಲ್ಲೆಗಳ ಡಬ್ಬಿ ಅವರ ಮಡಿಲಲ್ಲಿ ತೆರೆದಿತ್ತು. ಮಗಳ ಮಾತನ್ನು ಮನೆಯಲ್ಲಿ ಒಪ್ಪದಿದ್ದರೂ ಹೊರಗೆ ಅವಳನ್ನು ಹೊಗಳದೆ ನನಗೆ ತಡೆಯದು. ನನ್ನ ಡಬ್ಬಿಯನ್ನೂ ತೆರೆದು ತೋರಿಸಿದೆ. ಅದೇ ಹೊತ್ತಿಗೆ ಚಾಲಕ ಬ್ರೇಕ್ ಹಾಕಿದ್ದರಿಂದ ಎಲ್ಲವೂ ನೆಲದ ಪಾಲಾಯಿತು. ಒಂದನ್ನು ಹೆಕ್ಕಿ, ಒರೆಸಿ ಡಬ್ಬಿಗೆ ಹಾಕಿಕೊಂಡೆ. ಉಳಿದವನ್ನು ಅವರು ತುಂಬಿಕೊಂಡರು.

11.05ಕ್ಕೆ ಪ್ರಯೋಗಾಲಯ ತಲುಪಿದೆ. ಮಗಳು ಬಿಲ್ಲೆಯನ್ನು ಯಂತ್ರಕ್ಕೆ ಸಿಕ್ಕಿಸಿದಳು. ಅಂಕಿ ಸೊನ್ನೆ ಬಿಟ್ಟು ಏಳಲಿಲ್ಲ. “ನಾನು ಹೇಳಿರ್ಲಿಲ್ವಾ!” ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಆಮೇಲೆ ಅವಳ ಮುಖ ನೋಡಿದೆ. ಅವಳು ಅಳಲಿಲ್ಲ, ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಗೆದ್ದು ಇಷ್ಟು ಸಂಕಟಪಟ್ಟದ್ದು ನನಗೆ ಇದೇ ಮೊದಲು.

ಬಸ್ಸಿನಲ್ಲಿ ಆದದ್ದನ್ನು ಹೇಳಿದೆ. ದರ್ಜಿಯವರ ಅಂಗಡಿ ಈ ಠಾಣೆಯ ಎದುರಿಗೇ ಇರುವುದು ಬಸ್ಸಿನ ಮಾತಿನಲ್ಲಿ ತಿಳಿದಿದ್ದರಿಂದ ಇಬ್ಬರೂ 12 ಗಂಟೆಗೆ ಅಲ್ಲಿಗೆ ಓಡಿದೆವು. ಇದು ಎಣಿಸಿ ತಂದ ಮಾಲು, ಸಂಜೆಗೆ ಉಡುಪು ಕೊಡಬೇಕು, ನಲವತ್ತೂ ಒಂದೇ ಥರ ಇರುವಾಗ ಯಾವುದು ನಿಮ್ಮದೆಂದು ನಂಬಲಿ ಎಂದು ಅವರು ಕೇಳಿದರು. ನಾನು ದನಿ ಏರಿಸಿದೆ. ಕಂಬದ ತುದಿಯಿಂದ ಕೂಗಿ ಪಳಗಿದ ಗಂಟಲು, ಠಾಣೆಯವರೆಗೂ ಕೇಳಿಸಿತು. ಮಹಿಳಾ ಪೇದೆ ರಸ್ತೆ ದಾಟಿ ಬಂದು ಮೂವರನ್ನೂ ಬಿಲ್ಲೆಗಳ ಸಮೇತ ಠಾಣೆಗೆ ಕರೆತಂದರು.

ಗುರುತಿಸುವುದು ಹೇಗೆಂದು ಇನ್ಸ್‌ಪೆಕ್ಟರ್ ಮೇಡಂ ಕೇಳಿದರು. ಮೀಟರ್ ಇದ್ದರೆ ಸಾಕೆಂದು ಮಗಳು ಹೇಳಿದಳು. ನಾನು ಕೆಲಸ ಬಿಟ್ಟರೂ ನನ್ನ ಚೀಲ ಮೀಟರನ್ನು ಬಿಟ್ಟಿಲ್ಲ. ಅವಳು ಚಾಕೊಲೇಟಿನ ಬೆಳ್ಳಿ ಹಾಳೆ ಕತ್ತರಿಸಿ ಬಿಲ್ಲೆಯ ಎರಡೂ ಮಗ್ಗುಲಿಗೆ ಇಟ್ಟುಕೊಟ್ಟಳು. ನಾನು ಮೀಟರಿನ ತಂತಿಗಳನ್ನು ಒತ್ತಿ ಹಿಡಿದೆ. ಮುಳ್ಳು ಮಲಗಿಯೇ ಇತ್ತು. ಹೀಗೆ ಅರ್ಧ ರಾಶಿ ಮುಗಿಯಿತು. ಜನ್ಮದಲ್ಲಿ ಮೊದಲ ಸಲ, ಗಾಜಿನಲ್ಲಿ ಕರೆಂಟ್ ಹರಿಯಲಪ್ಪಾ ಎಂದು ಬೇಡಿಕೊಂಡೆ.

ಆಗ ಮುಳ್ಳು ಎದ್ದಿತು. ನನ್ನ ಬೆರಳು ತಾಗಿರಬಹುದೆಂದು ಕೈ ಬದಲಿಸಿ ಮತ್ತೆ ಹಿಡಿದೆ. ಮತ್ತೆ ಎದ್ದಿತು. ಮಗಳು ಆ ಬಿಲ್ಲೆಯನ್ನು ಮೇಡಂ ಅವರ ಬಿಸಿ ಟೀ ಲೋಟಕ್ಕೆ ಒತ್ತಿ ಹಿಡಿದು ಕೊಟ್ಟಾಗ ಮುಳ್ಳು ಇನ್ನೂ ಮೇಲೇರಿತು. ಎಲೆಕ್ಟ್ರಾನ್ ಒಂದು ವನೇಡಿಯಂ ಪರಮಾಣುವಿನಿಂದ ಪಕ್ಕದ್ದಕ್ಕೆ ಹಾರುತ್ತದೆ, ಹೊಳೆಯನ್ನು ಕಲ್ಲಿನಿಂದ ಕಲ್ಲಿಗೆ ಹಾರಿ ದಾಟಿದ ಹಾಗೆ, ಬಿಸಿ ಕೊಟ್ಟರೆ ಹಾರುವುದು ಸಲೀಸು ಎಂದು ವಿವರಿಸಿದಳು. “ಅಯ್ಯೋ, ಇದನ್ನ ರಾಜನ ಅಂಗಿಗೆ ಅಂಟಿಸಿಬಿಡ್ತಿದ್ನಲ್ಲಾ!” ಎಂದು ದರ್ಜಿಯವರು ನಕ್ಕರು. ಅವರ ಬಿಲ್ಲೆಯನ್ನು ಹಿಂದಿರುಗಿಸಿ ಕ್ಷಮೆ ಕೇಳಿದೆ. ನಮ್ಮ ನಡುವೆ ಈಗ ತಕರಾರಿಲ್ಲ.

ವಸ್ತುವನ್ನು ಹೇಗೋ ಗುರುತಿಸಿದೆ ಅಂತ ಬರೆದುಕೊಳ್ಳಿ ಎಂದೆ. “ಹೇಗೋ ಅಂದ್ರೆ ಆಗಲ್ಲ, ಸರಿಯಾಗಿ ಹೇಳಿ” ಎಂದು ಮೇಡಂ ಪೆನ್ನು ಹಿಡಿದು ಕಾದರು. ಮಗಳಿಗೆ ಹೊತ್ತಾಗುತ್ತಿತ್ತು. ಆದರೂ ಬಾಗಿಲಲ್ಲಿ ನಿಂತು ನನ್ನ ಬಾಯನ್ನೇ ನೋಡುತ್ತಿದ್ದಳು. ಆದ್ದರಿಂದ ಬರೆಸುತ್ತಿದ್ದೇನೆ: ಗಾಜಿನಲ್ಲಿ ಕರೆಂಟ್ ಹರಿಯುತ್ತದೆ. ನನ್ನದೇ ಮೀಟರಿನಲ್ಲಿ, ನನ್ನ ಕೈಯಾರೆ ಅಳೆದು ನೋಡಿದ್ದೇನೆ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ, ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ಇದರ ಒಂದು ಪ್ರತಿಯನ್ನು ಮಗಳು ಕೇಳಿದ್ದಾಳೆ. ಊಟದ ಮೇಜಿನ ಎದುರು, ನಾನು ಕೂರುವ ಜಾಗಕ್ಕೆ ನೇರವಾಗಿ, ಗೋಡೆಗೆ ಅಂಟಿಸುತ್ತಾಳಂತೆ. ಅದಕ್ಕೆ ನನ್ನ ಆಕ್ಷೇಪಣೆ ಇರುವುದಿಲ್ಲ.

ಸ್ಥಳ: ಠಾಣೆಯ ಮುಂಗೋಣೆ
ದಿನ: ಗುರುವಾರ, ಮಧ್ಯಾಹ್ನ 2.10
ಸಹಿ: ಕಂಬದಣ್ಣ