ಅಪ್ಪನ ಪಕಾರ

ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆ ಕೊಡುವ ಕೋಣೆಯೆದುರು, ನನ್ನ ಪಕ್ಕದಲ್ಲಿ ಅಕ್ಕತಂಗಿಯರು ಕೂತಿದ್ದರು. ಆಗತಾನೇ ಅಪ್ಪನನ್ನು ನೋಡಿಬಂದ ತಂಗಿಯ ಮುಖ ಬಿಳಿಚಿಕೊಂಡಿತ್ತು.

“ಅಕ್ಕಾ, ಅಪ್ಪ ನನ್ನನ್ನ ‘ಫುಟ್ಟಿ’ ಅಂದ್ರು.”

“ಸ್ಟ್ರೋಕ್ ಆದಾಗಿಂದ ತುಟಿ ಕೂಡ್ತಿಲ್ಲ ಕಣೆ. ಪ ಅನ್ನೋಕೆ ಹೋದ್ರೆ ಫ ಬರುತ್ತೆ.”

“ಪಿತೃ, ಫಾದರ್ ಎರಡರ ಬೇರೂ ಒಂದೇ, ಇಂಗ್ಲಿಷ್, ಜರ್ಮನ್ ಕಡೆ ಪಕಾರ ಹೋಗಿ ಫಕಾರ ಆಯ್ತು ಅಂತ ಜೀವಮಾನವಿಡೀ ಪಾಠ ಹೇಳಿದೋರಿಗೆ ಹೀಗಾ?”

“ಅಲ್ಲಿ ಎಷ್ಟೋ ತಲೆಮಾರು ಹಿಡೀತಂತೆ. ಅಪ್ಪಂಗೆ ಒಂದೇ ಬೆಳಿಗ್ಗೆ ಸಾಕಾಯ್ತು.”

“ಅವ್ರಿಗೆ ಗೊತ್ತಾಗಿದ್ಯಾ?”

“ನಿನ್ನೆ ಡಾಕ್ಟ್ರಿಗೆ ಅದೇ ಪಾಠ ಹೇಳೋಕೆ ಹೊರಟ್ರು. ‘ಫಿತೃ’ ಅಂದ್ರು, ‘ಫಾದರ್’ ಅಂದ್ರು. ಎರಡರಲ್ಲೂ ಫ ಕೇಳಿಸ್ತು. ಅಲ್ಲಿಗೇ ನಿಲ್ಲಿಸಿಬಿಟ್ರು.”

ತಂಗಿ ಬಾಯಿಗೆ ಕೈ ಅಡ್ಡ ಹಿಡಿದಳು. ನರ್ಸ್ ಕರೆದಾಗ ಅಕ್ಕ ಅವಳನ್ನು ರಟ್ಟೆ ಹಿಡಿದು ಎಬ್ಬಿಸಿಕೊಂಡು ಒಳಗೆ ಹೋದಳು.