ಮೂರು ದಿನ ನೀಲ ಕಟ್ಟಿಕೊಂಡ ದೊರೆ

ಕೂತ್ಕೊಳ್ಳಿ, ಕೂತ್ಕೊಳ್ಳಿ. ಹುಣಸೇಹಣ್ಣು ಬಿಡಿಸ್ತಾನೇ ಕೇಳಿ, ಕಿವಿಗೂ ಕೈಗೂ ಏನೂ ಜಗಳ ಇಲ್ಲ. ಬೀಜ ಆ ಕಡೆ, ಹಣ್ಣು ಈ ಕಡೆ. ನಾನು ಹೇಳ್ತಾ ಹೋಗ್ತೀನಿ, ನೀವು ಹೂಂ ಅಂತಾ ಬನ್ನಿ. ಹೂಂ ಅನ್ನದೋರಿಗೆ ನನ್ನ ಹತ್ರ ಕತೆ ಇಲ್ಲ.

ಏಳು ಕೆರೆ ದಾಟಿ ಎಂಟನೇ ಕೆರೆ ಏರಿ ಹತ್ತಿದ್ರೆ ಅಲ್ಲೊಂದು ಊರಿತ್ತು. ಹೆಸರು ಕೇಳಬೇಡಿ, ಈ ಕತೆ ಹೇಳಿಕೊಟ್ಟ ನಮ್ಮಜ್ಜಿಗೇ ಮರೆತುಹೋಗಿತ್ತು.

ಆ ಊರಲ್ಲೊಂದು ಪದ್ಧತಿ. ಯಾವ ವಾರ ಹುಟ್ಟಿದ್ರೋ ಆ ವಾರದ ಕಲ್ಲನ್ನೇ ಬೆರಳಿಗೆ ಹಾಕ್ಕೋಬೇಕು. ಭಾನುವಾರ ಹುಟ್ಟಿದೋರಿಗೆ ಮಾಣಿಕ್ಯ, ಸೋಮವಾರದೋರಿಗೆ ಮುತ್ತು, ಮಂಗಳವಾರದೋರಿಗೆ ಹವಳ. ಬುಧವಾರಕ್ಕೆ ಪಚ್ಚೆ, ಗುರುವಾರಕ್ಕೆ ಪುಷ್ಯರಾಗ, ಶುಕ್ರವಾರಕ್ಕೆ ವಜ್ರ. ಶನಿವಾರಕ್ಕೆ? ಯಾಕೆ, ಎಲ್ರೂ ಸುಮ್ಮನಾಗ್ಬಿಟ್ರಿ? ಹೇಳೋಕೂ ಭಯವಾ? ನೀಲ ಕಣ್ರೇ, ನೀಲ! ಶನಿಮಹಾತ್ಮನ ಕಲ್ಲು. ಹಿಂದೆ ಒಬ್ಬ ರಕ್ಕಸ ಸತ್ತಾಗ ಅವನ ಕಣ್ಣು ಕಡಲಾಚೆ ದ್ವೀಪದಲ್ಲಿ ಬಿದ್ದು ನೀಲ ಆಯ್ತಂತೆ. ಅದು ಆಗಿಬಂದ್ರೆ ಭಿಕ್ಷೆ ಬೇಡೋನ್ನ ಗದ್ದುಗೆಗೆ ಹತ್ತಿಸುತ್ತೆ, ಆಗಿಬರದಿದ್ರೆ ಗದ್ದುಗೇಲಿದ್ದೋನ್ನ ಬೀದಿಗೆ ಇಳಿಸುತ್ತೆ ಅಂತ ಎಲ್ಲರ ನಂಬಿಕೆ. ಅದಕ್ಕೇ ಆ ಊರಲ್ಲಿ ಶನಿವಾರ ಒಂದು ಮಗುವೂ ಹುಟ್ಟುತ್ತಿರಲಿಲ್ಲ. ಹುಟ್ಟಿದ್ರೂ ಅಪ್ಪ ಅಮ್ಮ ಭಾನುವಾರ ಅಂತ ಹೇಳಿಬಿಡೋರು.

ಆ ಊರಿಗೊಬ್ಬ ದೊರೆ, ಉದ್ದಂಡರಾಯ. ನಲವತ್ತು ವರ್ಷದಿಂದ ಬೆರಳಲ್ಲಿ ಮಾಣಿಕ್ಯ. ಒಂದಿನ ಬೆಳಿಗ್ಗೆ ಅವನ ತಾಯಿ ಪುಟ್ಟಾಜಮ್ಮನಿಗೆ ಜ್ವರ ಬಂತು. ಇನ್ನು ತಾನು ಉಳಿಯಲ್ಲ ಅಂದ್ಕೊಂಡು ಮಗನ್ನ ಕರೆಸಿದಳು.

"ಮಗಾ, ಒಂದು ಮಾತು ಹೊಟ್ಟೇಲಿಟ್ಕೊಂಡಿದ್ದೆ. ನೀನು ಭಾನುವಾರದೋನಲ್ಲ ಕಣೋ. ಶನಿವಾರದೋನು."

ಇಷ್ಟು ಹೇಳಿ ಕಣ್ಣು ಮುಚ್ಚಿದಳು. ಸತ್ತಳು ಅಂದ್ಕೊಂಡ್ರಾ? ಮಧ್ಯಾಹ್ನದ ಹೊತ್ತಿಗೆ ಎದ್ದು ಗಂಜಿ ಕುಡಿದು ಉಪ್ಪಿನಕಾಯಿ ಕೇಳಿದಳು. ಆದ್ರೆ ಆಡಿದ ಮಾತು ಆಡಿಯಾಗಿತ್ತಲ್ಲ!

ದೊರೆ ತಲೆ ಮೇಲೆ ಕೈ ಹೊತ್ತು ಕೂತ. "ಅದಕ್ಕೇನಾ ನನ್ನ ತಲೆ ಬೋಳಾಗಿದ್ದು? ಅದಕ್ಕೇನಾ ಮಂಡಿ ನೋಯೋದು? ಅದಕ್ಕೇನಾ ರಾಣಿ ನನ್ನ ಮಾತು ಕೇಳದೇ ಇರೋದು? ಕರೀರಿ ಅಕ್ಕಸಾಲಿನ!"

ಅಕ್ಕಸಾಲಿ ಮೋನಾಚಾರಿ ಓಡಿಬಂದ. ಅರಮನೆ ಪೆಟ್ಟಿಗೇಲಿದ್ದ ನೀಲ ತೆಗೆದು ಒಂದು ಬಟ್ಟಲು ಹಾಲಿಗೆ ಹಾಕಿದ. ಹಾಲೆಲ್ಲಾ ನೀಲಿ ಬಣ್ಣಕ್ಕೆ ತಿರುಗ್ತು. ಅಸಲಿ ನೀಲದ ಗುರುತು ಅದು.

"ಸರಿ, ಉಂಗುರ ಮಾಡು. ಆಗಿಬಂದ್ರೆ ನಿನ್ನ ಕೈಗೆ ಬಂಗಾರದ ಕಡಗ. ಆಗಿಬರದಿದ್ರೆ ನಿನ್ನ ತಲೆ ನಿಂದಲ್ಲ," ಅಂದ ದೊರೆ.

ಮೋನಾಚಾರಿ ಮನೆಗೆ ಬಂದು ಗೊಳೋ ಅಂತ ಅತ್ತ. ಅವನ ಹೆಂಡ್ತಿ ಕಾಳಮ್ಮ ತಟ್ಟೆ ಮುಂದಿಟ್ಟು, "ಅಳೋದು ಆಮೇಲೆ ಇದ್ದೇ ಇದೆ, ಮೊದ್ಲು ಉಣ್ಣಿ," ಅಂದಳು.

"ಉಣ್ಣೋಕೆ ಬಾಯಿ ತಲೇಲೇ ಇರೋದು ಕಣೇ! ಆ ತಲೆಗೇ ಕುತ್ತು ಬಂದಿದೆ!" ಅಂತ ನಡೆದದ್ದೆಲ್ಲಾ ಹೇಳಿದ.

"ಏನೂಂದ್ರೆ, ಉಂಗುರ ಈಗ್ಲೇ ಮಾಡಬೇಡಿ. ಮೂರು ದಿನ ಬಟ್ಟೇಲಿ ಸುತ್ತಿ ತೋಳಿಗೆ ಕಟ್ಟಿ ನೋಡೋಣ ಅಂತ ದೊರೆಗೆ ಹೇಳಿ. ಮೂರು ದಿನ ಯಾರೂ ಬಿಚ್ಚಬಾರದು. ಕಲ್ಲು ಈ ಕಡೆ ಕೊಡಿ, ನಾನು ಹೊಲಿದು ಕೊಡ್ತೀನಿ."

"ಕೇಡಾದ್ರೆ ಆಗ್ಲೂ ನನ್ನ ತಲೇನೇ ಹೋಗೋದಲ್ಲೇ?"

"ಅದು ನನಗಿರಲಿ ಬಿಡಿ."

ಕಾಳಮ್ಮ ಒಳಗೆ ಹೋಗಿ ಪುಟ್ಟ ಗಂಟು ಹೊಲಿದು ತಂದ್ಕೊಟ್ಟಳು. ಆಮೇಲೆ ಹಿತ್ತಲಿಗೆ ಹೋಗಿ ಇದ್ದಿಲು ಹೊರೋ ಕತ್ತೆ ಕೊರಳಿಗೆ ಏನೋ ಒಂದು ಕಪ್ಪು ದಾರ ಕಟ್ಟಿದಳು. ಯಾಕೆ ಅಂತ ಗಂಡ ಕೇಳಲಿಲ್ಲ. ತಲೆ ಹೋಗೋ ಗಂಡಸು ಕತ್ತೆ ಕಡೆ ನೋಡ್ತಾನಾ?

ದೊರೆ ತೋಳಿಗೆ ಗಂಟು ಕಟ್ಟಿದ್ದಾಯ್ತು.

ಮೊದಲನೇ ದಿನ. ದೊರೆ ಊಟಕ್ಕೆ ಕೂತು ಹದಿನಾರು ಒಬ್ಬಟ್ಟು ತಿಂದ. ತುಪ್ಪ ಬೇರೆ. ಸಾಯಂಕಾಲ ಹೊಟ್ಟೆ ಹಿಡ್ಕೊಂಡು ಹೊರಳಾಡಿದ. "ಅಯ್ಯೋ, ಇದು ನೀಲದ ಕೆಲಸ!"

ಎರಡನೇ ದಿನ. "ನಮ್ಮವ್ವ ಮಾಡೋ ಸಾರು ಸಾರು, ನೀನು ಮಾಡಿಸೋದು ಕಲಗಚ್ಚು," ಅಂತ ರಾಣಿಗೆ ಅಂದ. ರಾಣಿ ಕದ ಹಾಕ್ಕೊಂಡಳು, ಮಾತು ಬಿಟ್ಟಳು. "ಅಯ್ಯೋ, ಇದು ನೀಲದ ಕೆಲಸ!"

ಮೂರನೇ ದಿನ. ಸಿಂಹಾಸನದ ಒಂದು ಕಾಲಿಗೆ ಗೆದ್ದಲು ಹಿಡಿದಿದೆ ಅಂತ ಬಡಗಿ ಒಂದು ವರ್ಷದಿಂದ ಹೇಳ್ತಿದ್ದ. ದೊರೆ ನಾಳೆ ನಾಳೆ ಅಂತಿದ್ದ. ಅವತ್ತು ತುಂಬಿದ ಸಭೇಲಿ ಕೂತ ನೋಡಿ, ಲಟಕ್! ದೊರೆ ಒಂದು ಕಡೆ, ಕಿರೀಟ ಇನ್ನೊಂದು ಕಡೆ, ನಕ್ಕ ಮಂತ್ರಿ ಮತ್ತೊಂದು ಕಡೆ. "ಅಯ್ಯಯ್ಯೋ! ಗದ್ದುಗೆಯಿಂದ ಇಳಿಸೇಬಿಡ್ತು! ಎಳ್ಕೊಂಡ್ಬನ್ನಿ ಆ ಆಚಾರಿನ!"

ಮೋನಾಚಾರಿನ ಎಳ್ಕೊಂಡು ಬಂದ್ರು. ಹಿಂದೆಯೇ ಕಾಳಮ್ಮ ಬಂದಳು. ಅವಳ ಹಿಂದೆ ಕತ್ತೆ ಬಂತು.

"ತಲೆ ತೆಗೀರಿ!" ಅಂದ ದೊರೆ.

"ತೆಗೀಲಿ ಬುದ್ಧಿ," ಅಂದಳು ಕಾಳಮ್ಮ. "ಅದಕ್ಕೂ ಮುಂಚೆ ನಿಮ್ಮ ತೋಳಿನ ಗಂಟು ಬಿಚ್ಚಿಸಿ. ಮೂರು ದಿನ ಆಯ್ತಲ್ಲ."

ಮಂತ್ರಿ ಬಿಚ್ಚಿದ. ಸಭೆಯೆಲ್ಲಾ ಕತ್ತು ಉದ್ದ ಮಾಡಿ ನೋಡ್ತು. ಗಂಟಲ್ಲಿ ಏನಿತ್ತು? ಹೇಳಿ ನೋಡೋಣ! ನಿಮ್ಮ ಕೈಲಿ ಇದ್ಯಲ್ಲ, ಅದೇ. ಒಂದು ಹುಣಸೇಬೀಜ!

"ನೀಲ ಎಲ್ಲಿ?" ದೊರೆ ಕಿರುಚಿದ.

"ಇಗೋ, ನಮ್ಮ ಕತ್ತೆ ಕೊರಳಲ್ಲಿ. ಮೂರು ದಿನದಿಂದ ಅಲ್ಲೇ ಇದೆ. ಕತ್ತೆ ಹುಲ್ಲು ತಿಂತು, ನೀರು ಕುಡೀತು, ನಿದ್ದೆ ಮಾಡ್ತು. ಇನ್ನೇನೂ ಆಗಲಿಲ್ಲ."

"ದೊರೆಗೇ ಮೋಸ ಮಾಡ್ತೀಯಾ?"

ಕಾಳಮ್ಮ ಗಲ್ಲ ಬಡ್ಕೊಂಡಳು. "ಶಿವ ಶಿವಾ! ಮೋಸ ಎಲ್ಲಿ ಬಂತು ಸ್ವಾಮಿ? ಒಂದ್ಸಲವೂ ಕಟ್ಟಿ ನೋಡದ ಕಲ್ಲನ್ನ ತಂದು ಏಕಾಏಕಿ ನನ್ನ ದೊರೆ ತೋಳಿಗೆ ಕಟ್ಟೋದಾ? ಮೊದ್ಲು ಕತ್ತೆಗೆ ಕಟ್ಟಿ ನೋಡಿದೆ."

ದೊರೆಗೆ ಒಬ್ಬಟ್ಟು ನೆನಪಾಯ್ತು, ಸಾರು ನೆನಪಾಯ್ತು, ಬಡಗಿ ನೆನಪಾದ. ಅಷ್ಟರಲ್ಲಿ ತೆರೆ ಹಿಂದಿನಿಂದ ಯಾರೋ ಬಿದ್ದು ಬಿದ್ದು ನಗೋ ಸದ್ದು. ಯಾರದು? ಮುದುಕಿ ಪುಟ್ಟಾಜಮ್ಮ.

"ಬಿಡೋ ಮಗಾ, ಆ ಬಡಪಾಯಿನ ಬಿಟ್ಬಿಡು. ನಿಜ ಹೇಳ್ಬೇಕು ಅಂದ್ರೆ ಶನಿವಾರವೋ ಭಾನುವಾರವೋ ನನಗೂ ಸರಿಯಾಗಿ ಗೊತ್ತಿಲ್ಲ. ಅವತ್ತು ನಮ್ಮ ದೊಡ್ಡೆಮ್ಮೆ ಕರು ಹಾಕಿತ್ತು. ಮನೆ ಮಂದಿಯೆಲ್ಲಾ ಎಮ್ಮೆ ಹತ್ರ ಇದ್ರು, ವಾರ ನೋಡೋರು ಯಾರಿದ್ರು?"

"ಹಂಗಾದ್ರೆ ನಾನು ಹುಟ್ಟಿದ ವಾರದ ಕಲ್ಲು ಯಾವುದವ್ವಾ?"

ಪುಟ್ಟಾಜಮ್ಮ ಹುಣಸೇಬೀಜ ತಗೊಂಡು ಮಗನ ಅಂಗೈಲಿಟ್ಟಳು. "ಇದೇ ಇರಲಿ ಬಿಡು. ಮೂರೇ ದಿನದಲ್ಲಿ ನಿನ್ನ ಗುಣವೆಲ್ಲಾ ತೋರಿಸ್ಕೊಟ್ಟಿದೆ."

ಕದ ತೆಗೆದು ಬಂದು ತೆರೆ ಹಿಂದೆ ನಿಂತಿದ್ದ ರಾಣಿ ಮೊದ್ಲು ನಕ್ಕಳು. ಆಮೇಲೆ ಸಭೆ ನಗ್ತು. ಕೊನೆಗೆ, ಬೇರೆ ದಾರಿ ಕಾಣದೆ, ದೊರೆಯೂ ನಕ್ಕ. ಮೋನಾಚಾರಿ ಮಾತ್ರ ನಗಲಿಲ್ಲ. ಎರಡೂ ಕೈಲಿ ತಲೆ ಮುಟ್ಟಿ ಮುಟ್ಟಿ ನೋಡ್ಕೋತಿದ್ದ. ಇದ್ಯಾ? ಇದೆ. ಇದ್ಯಾ? ಇದೆ.

ದೊರೆ ಆ ನೀಲವನ್ನ ಕಾಳಮ್ಮನಿಗೇ ಕೊಟ್ಟ. ಅವಳು ಅದನ್ನ ಕಣ್ಣಿಗೊತ್ತಿಕೊಂಡು ನಿಂತಳು. "ನಾನು ಶನಿವಾರದೋಳು ಬುದ್ಧಿ," ಅಂದಳು. "ನಮ್ಮವ್ವ ಸಾಯೋವರೆಗೂ ಊರಿಗೆಲ್ಲಾ ಭಾನುವಾರ ಅಂತಲೇ ಹೇಳಿದಳು. ಇಷ್ಟು ವರ್ಷ ಬಾಯಿಬಿಟ್ಟು ಹೇಳೋಕಾಗಿರಲಿಲ್ಲ." ಅವಳ ಕಣ್ಣಲ್ಲಿ ನೀರು. ಗಂಡ ಅವತ್ತೇ ಅದನ್ನ ಉಂಗುರಕ್ಕೆ ಕೂರಿಸಿ ತೊಡಿಸಿದ. ಆ ವರ್ಷ ಊರಲ್ಲಿ ಶನಿವಾರಗಳಂದೇ ಏಳು ಮಕ್ಕಳು ಹುಟ್ಟಿದವು, ಏಳು ಮನೆಯೋರೂ ಶನಿವಾರ ಅಂತಲೇ ಹೇಳಿದ್ರು.

ಅವತ್ತಿಂದ ಶುರುವಾದ ಪದ್ಧತಿ ನೋಡಿ ಇದು. ಇವತ್ತಿಗೂ ನೀಲ ಹಾಕ್ಕೊಳ್ಳೋರು ಮೊದ್ಲು ಮೂರು ದಿನ ಕಟ್ಟಿ ನೋಡ್ತಾರೆ. ಕತ್ತೆಗೆ ಕಟ್ಟಿ ನೋಡೋದನ್ನ ಮಾತ್ರ ಮರೆತುಬಿಟ್ಟಿದ್ದಾರೆ.

ದೊರೆ ಅರಮನೇಲಿ ಉಳಿದ, ಕತ್ತೆ ಹಿತ್ತಲಲ್ಲಿ ಉಳೀತು, ಬೀಜ ನಿಮ್ಮ ಮಡಿಲಲ್ಲಿ ಉಳೀತು. ನನ್ನ ಕತೆ ಮುಗೀತು. ಹುಣಸೇಹಣ್ಣು ಇನ್ನೂ ಅರ್ಧ ಮಂಕರಿ ಇದೆ, ಕೈ ಆಡ್ಸಿ!